ಆನೆಕಾಲು ರೋಗ: ಮೇಜಿನ ಖಾನೆಯಲ್ಲಿ ಉಳಿದ ಮಾತ್ರೆಗಳು

ಫೆಬ್ರುವರಿ ಮತ್ತು ಆಗಸ್ಟ್ ತಿಂಗಳ 10ನೆಯ ತಾರೀಖು ಸಮೀಪಿಸಿದಂತೆ ದೇಶದಾದ್ಯಂತ ಎರಡು ಬಗೆಯ ಮಾತ್ರೆಗಳು ಸಂಚಾರ ಹೊರಡುತ್ತವೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ. ಆಯ್ದ ಜಿಲ್ಲೆಗಳಲ್ಲಿ ಮನೆ ಮನೆಗೆ ಆನೆಕಾಲು ರೋಗದ ಮಾತ್ರೆ. ಪತ್ರಿಕೆಗಳಲ್ಲಿ ಸಚಿವರೊಬ್ಬರು ಮಗುವಿನ ಬಾಯಿಗೆ ಮಾತ್ರೆ ಇಡುತ್ತಿರುವ ಚಿತ್ರ ಅಚ್ಚಾಗುತ್ತದೆ. ಮರುದಿನ ಆ ಸುದ್ದಿ ಹಳತಾಗುತ್ತದೆ. ಗುಜರಾತಿನಲ್ಲಿ ಎರಡು ಮೂರು ತಲೆಮಾರುಗಳಿಂದ ಬೇರೂರಿರುವ ಕನ್ನಡ ಕುಟುಂಬಗಳಾದ ನಾವು ಆ ಚಿತ್ರವನ್ನು ನೋಡಿ ಪುಟ ತಿರುವುತ್ತೇವೆ. ಇದು ನಮಗೆ ಸಂಬಂಧಿಸಿದ ಸಂಗತಿಯಲ್ಲ ಎಂಬ ಭಾವನೆ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ನಾವು ಒಮ್ಮೆಯೂ ಪ್ರಶ್ನಿಸಿಕೊಂಡಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಸೂರತ್ತಿನ ನಮ್ಮ ಮನೆಗೆ ಒಂದು ಸಂಜೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಬಂದರು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು ಎಂದು ಕೇಳಿ ಬರೆದುಕೊಂಡು, ಲೆಕ್ಕ ಹಾಕಿ ಮಾತ್ರೆಗಳನ್ನು ಎಣಿಸಿಕೊಟ್ಟರು. ‘ಊಟವಾದ ಮೇಲೆ ನನ್ನ ಎದುರಿಗೇ ನುಂಗಬೇಕು’ ಎಂದರು. ‘ಊಟ ಇನ್ನೂ ಆಗಿಲ್ಲ, ರಾತ್ರಿ ನುಂಗುತ್ತೇವೆ’ ಎಂದು ನಾವು ಸೌಜನ್ಯದಿಂದಲೇ ಹೇಳಿದೆವು. ಅವರಿಗೆ ಇನ್ನೂ ಹತ್ತಾರು ಮನೆ ಹತ್ತುವುದಿತ್ತು. ಬೆರಳಿಗೆ ಮಸಿಯ ಗುರುತು ಹಾಕಿ, ಪುಸ್ತಕದಲ್ಲಿ ಟಿಪ್ಪಣಿ ಮಾಡಿಕೊಂಡು ಹೊರಟುಹೋದರು. ಮಾತ್ರೆಗಳು ಮೇಜಿನ ಖಾನೆ ಸೇರಿದವು. ಸರ್ಕಾರದ ಲೆಕ್ಕದಲ್ಲಿ ಆ ದಿನ ನಮ್ಮ ಮನೆಯವರೆಲ್ಲರೂ ಔಷಧ ಸೇವಿಸಿದವರು. ನಮ್ಮಲ್ಲಿ ಒಬ್ಬರೂ ಸೇವಿಸಿರಲಿಲ್ಲ.

ಈ ಖಾನೆಯ ಕಥೆ ನಮ್ಮೊಂದು ಮನೆಯದಲ್ಲ. ಆನೆಕಾಲು ರೋಗದ ಸಾಮೂಹಿಕ ಔಷಧ ಸೇವನೆಯ ಬಗ್ಗೆ ಗುಜರಾತಿನಲ್ಲಾಗಲಿ ಕರ್ನಾಟಕದಲ್ಲಾಗಲಿ ನಡೆದ ಸಮೀಕ್ಷೆಗಳನ್ನು ತೆರೆದು ನೋಡಿದರೆ ಒಂದೇ ಮಾತು ಮರುಕಳಿಸುತ್ತದೆ: ಹಂಚಿದ ಮಾತ್ರೆಗೂ ನುಂಗಿದ ಮಾತ್ರೆಗೂ ನಡುವೆ ದೊಡ್ಡ ಅಂತರವಿದೆ. ಕಾರಣ ಕೇಳಿದಾಗ ಜನರು ಹೇಳುವುದೂ ಒಂದೇ: ನಮಗೇನೂ ಕಾಯಿಲೆ ಇಲ್ಲವಲ್ಲ.

ನಮ್ಮ ಓದುಗರಲ್ಲಿ ಅನೇಕರು ಕರಾವಳಿಯವರು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಿಂದ ಹೋಟೆಲು, ಬ್ಯಾಂಕು, ಗಿರಣಿಗಳ ಕೆಲಸ ಹಿಡಿದು ಇಲ್ಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಊರಿನ ಹಳೆಯ ನೆನಪುಗಳನ್ನು ಕೆದಕಿದರೆ ಪೇಟೆಯ ಜಗಲಿಯ ಮೇಲೆ ಊದಿದ ಕಾಲನ್ನು ಚಾಚಿ ಕುಳಿತ ಹಿರಿಯರೊಬ್ಬರ ಚಿತ್ರ ಎಲ್ಲಿಯೋ ಒಂದೆಡೆ ಸಿಕ್ಕೀತು. ಕರ್ನಾಟಕದಲ್ಲಿ ಈ ರೋಗ ನೆಲೆಯೂರಿದ ಜಿಲ್ಲೆಗಳೆಂದು ಗುರುತಿಸಲಾದವು ಆ ಮೂರು ಕರಾವಳಿ ಜಿಲ್ಲೆಗಳು, ಮತ್ತು ಉತ್ತರದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ. ಗುಜರಾತಿನಲ್ಲಿ ಸೂರತ್ ಹಾಗೂ ಅದರ ದಕ್ಷಿಣಕ್ಕಿರುವ ಸೀಮೆ ಬಹುಕಾಲದಿಂದ ಈ ರೋಗಕ್ಕೆ ಹೆಸರಾದದ್ದು. ಹೀಗಾಗಿ ಮಂಗಳೂರಿನಿಂದ ಸೂರತ್ತಿಗೆ ಬಂದ ಕುಟುಂಬವು ಈ ವಿಷಯದಲ್ಲಿ ಒಂದು ನೆಲೆಯನ್ನು ಬಿಟ್ಟು ಇನ್ನೊಂದು ನೆಲೆಗೆ ಬಂದಂತೆಯೇ ಸರಿ.

ಸುಶ್ರುತ ಸಂಹಿತೆಯಲ್ಲಿ ಶ್ಲೀಪದ ಎಂಬ ಹೆಸರಿನಿಂದ ವರ್ಣಿತವಾದ ಈ ವ್ಯಾಧಿಯ ಮೂಲ ದಾರದಂತಹ ಒಂದು ಹುಳು. ನಮ್ಮಲ್ಲಿ ಕಂಡುಬರುವುದು ಬಹುಮಟ್ಟಿಗೆ ವುಚರೇರಿಯಾ ಬ್ಯಾಂಕ್ರಾಫ್ಟಿ ಎಂಬ ಜಾತಿ. ಬೆಳೆದ ಹುಳು ದುಗ್ಧನಾಳಗಳಲ್ಲಿ ಆರರಿಂದ ಎಂಟು ವರ್ಷ ಬದುಕಿ, ಲಕ್ಷಾಂತರ ಸೂಕ್ಷ್ಮ ಮರಿಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಆ ರಕ್ತವನ್ನು ಹೀರಿ ಮರಿಗಳನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ಸೋಜಿಗವೆಂದರೆ ಈ ಮರಿಗಳು ಹಗಲಿನಲ್ಲಿ ಶ್ವಾಸಕೋಶದ ಆಳದ ನಾಳಗಳಲ್ಲಿ ಅಡಗಿದ್ದು, ರಾತ್ರಿಯಾದ ಮೇಲೆ, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ, ಚರ್ಮದ ಸಮೀಪದ ರಕ್ತಕ್ಕೆ ಬರುತ್ತವೆ. ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ 1870ರ ದಶಕದ ಕೊನೆಯಲ್ಲಿ ಇದನ್ನು ಕಂಡುಹಿಡಿದ. ಅದಕ್ಕೂ ಮುನ್ನ, 1872ರಲ್ಲಿ, ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು ಕಂಡವನು ಕಲ್ಕತ್ತೆಯಲ್ಲಿದ್ದ ಟಿಮೊಥಿ ಲೂಯಿಸ್. ನಗರಪಾಲಿಕೆಯ ಸಿಬ್ಬಂದಿ ಇಂದಿಗೂ ರಾತ್ರಿ ಎಂಟರ ಮೇಲೆ ಬಾಗಿಲು ತಟ್ಟಿ ಬೆರಳ ತುದಿಯ ರಕ್ತ ಕೇಳುವುದು ಇದೇ ಕಾರಣಕ್ಕೆ. ನಾವು ಅವರನ್ನು ‘ಇದೇನು ಹೊತ್ತಲ್ಲದ ಹೊತ್ತು’ ಎಂದು ಗದರಿಸಿ ಕಳಿಸುವುದೂ ಉಂಟು.

ಒಂದೆರಡು ಸೊಳ್ಳೆ ಕಚ್ಚಿದ ಮಾತ್ರಕ್ಕೆ ಆನೆಕಾಲು ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋಂಕಿತ ಸೊಳ್ಳೆಗಳು ಕಚ್ಚುತ್ತ ಬಂದಾಗಲೇ ಹುಳುಗಳು ದೇಹದಲ್ಲಿ ಜೋಡಿಯಾಗಿ ನೆಲೆಸುತ್ತವೆ. ಪ್ರವಾಸ ಬಂದು ಹೋಗುವವನಿಗೆ ಇದು ತಗಲುವುದು ವಿರಳ. ಇದು ನೆಲೆಸಿದವರ ರೋಗ. ಸೂರತ್ತಿನಲ್ಲಿ ಇದನ್ನು ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಮಗ್ಗದ ಕೆಲಸಕ್ಕೆ ಬಂದವರ ರೋಗವೆಂದು ಹೇಳುವ ರೂಢಿಯಿದೆ. ಆ ಪ್ರಾಂತ್ಯಗಳಲ್ಲಿಯೂ ರೋಗವಿರುವುದು ನಿಜ, ವಲಸೆಯೊಂದಿಗೆ ಹುಳುವೂ ಪ್ರಯಾಣಿಸುವುದು ನಿಜ. ಆದರೆ ಚರಂಡಿಯ ಸೊಳ್ಳೆಗೆ ಮಗ್ಗದ ಕೋಣೆಗೂ ನಮ್ಮ ಆರನೆಯ ಮಹಡಿಯ ಮನೆಗೂ ಭೇದವಿಲ್ಲ. ಹತ್ತಾರು ವರ್ಷ ಒಂದೇ ಬೀದಿಯಲ್ಲಿ ಮಲಗಿ ಏಳುವವರು ನಾವೇ ಹೊರತು ಆರು ತಿಂಗಳಿಗೊಮ್ಮೆ ಊರಿಗೆ ಹೋಗುವ ಆ ಕಾರ್ಮಿಕನಲ್ಲ. ಸೋಂಕು ಬಹುಪಾಲು ಬಾಲ್ಯದಲ್ಲಿಯೇ ತಗಲುತ್ತದೆ. ಕಾಲು ಊದುವುದು, ಗಂಡಸರಲ್ಲಿ ವೃಷಣ ಊದುವುದು ಎಷ್ಟೋ ವರ್ಷಗಳ ನಂತರ. ಊದಿದ ಕಾಲು ಮಾತ್ರೆಯಿಂದ ಮೊದಲಿನಂತಾಗುವುದಿಲ್ಲ. ಆಗ ಉಳಿಯುವುದು ಕಾಲನ್ನು ದಿನವೂ ಸೋಪು ನೀರಿನಿಂದ ತೊಳೆದು ಒರೆಸಿ ಒಣಗಿಸಿ ಕಾಪಾಡಿಕೊಳ್ಳುವ ಶಿಸ್ತು ಮಾತ್ರ. ಆದುದರಿಂದ ಮಾತ್ರೆ ನುಂಗಬೇಕಾದ ಕಾಲವೆಂದರೆ ಕಾಯಿಲೆ ಕಾಣದಿರುವ ಕಾಲವೇ.

ಮಾತ್ರೆಯ ಕಥೆ ಸ್ವಾರಸ್ಯಕರವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯಾ ತಗಲಿದಾಗ ಅದಕ್ಕೆ ಮದ್ದು ಹುಡುಕುವ ಒತ್ತಡ ಹುಟ್ಟಿತು. ನ್ಯೂಯಾರ್ಕಿನ ಬಳಿಯ ಲೆಡರ್ಲೆ ಪ್ರಯೋಗಾಲಯದಲ್ಲಿ 1947ರಲ್ಲಿ ಹೊರಬಂದ ಡೈಈಥೈಲ್‌ಕಾರ್ಬಮಜೀನ್, ಅಂದರೆ ನಮ್ಮ ವೈದ್ಯರು ಡಿ.ಇ.ಸಿ. ಎನ್ನುವ ಔಷಧ, ಹೆಟ್ರಜಾನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆಗ ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮರುವರ್ಷವೇ ಅವರು ತೀರಿಕೊಂಡರು. ಎಪ್ಪತ್ತೈದು ವರ್ಷ ಮೀರಿದರೂ ಅವರ ತಂಡದ ಆ ಔಷಧಕ್ಕೆ ಹುಳುಗಳು ಸೋತೇ ಇವೆ. ರೋಗಾಣುಗಳು ಒಂದರ ಮೇಲೊಂದು ಔಷಧವನ್ನು ಸೋಲಿಸುತ್ತಿರುವ ಈ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಎರಡನೆಯ ಔಷಧವಾದ ಆಲ್ಬೆಂಡಜೋಲ್ 1970ರ ದಶಕದ್ದು. ಮೂರನೆಯದು ಐವರ್ಮೆಕ್ಟಿನ್. ಜಪಾನಿನ ಸತೋಶಿ ಓಮುರಾ ಗಾಲ್ಫ್ ಮೈದಾನವೊಂದರ ಸಮೀಪದಿಂದ ತಂದ ಮಣ್ಣಿನ ಸೂಕ್ಷ್ಮಜೀವಿಯೊಂದು ಅದರ ತಾಯಿ. ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಇಬ್ಬರಿಗೂ ಇದಕ್ಕಾಗಿ 2015ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಎರಡನ್ನು ಕೊಡುತ್ತಿದ್ದ ಕಡೆ ಮೂರನ್ನೂ ಒಟ್ಟಿಗೆ ಕೊಟ್ಟರೆ ರಕ್ತದಲ್ಲಿನ ಮರಿಗಳು ಹೆಚ್ಚು ಬೇಗ, ಹೆಚ್ಚು ಕಾಲ ಇಲ್ಲವಾಗುತ್ತವೆಂದು ತಿಳಿದಾಗ, ಅದು ಸುರಕ್ಷಿತವೇ ಎಂಬುದನ್ನು ಐದು ದೇಶಗಳಲ್ಲಿ ಪರೀಕ್ಷಿಸಲಾಯಿತು. ಹೈಟಿ, ಫಿಜಿ, ಇಂಡೊನೇಷ್ಯಾ, ಪಪುವಾ ನ್ಯೂಗಿನಿಗಳೊಂದಿಗೆ ಐದನೆಯದು ಭಾರತ. ಭಾರತದಲ್ಲಿ ಆ ಪರೀಕ್ಷೆ ನಡೆದ ಸ್ಥಳ ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಗಳು. ಪುದುಚೇರಿಯ ಕೇಂದ್ರದ ವಿಜ್ಞಾನಿಗಳು ನಡೆಸಿದ ಆ ಅಧ್ಯಯನದಲ್ಲಿ ಯಾದಗಿರಿಯ ರೈತರು, ಕೂಲಿಕಾರರು ತೋಳು ಚಾಚಿ ರಕ್ತ ಕೊಟ್ಟರು, ಮಾತ್ರೆ ನುಂಗಿದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತ್ರಿವಳಿ ಔಷಧವನ್ನು ಶಿಫಾರಸು ಮಾಡಿತು. ಮುಂದೆ ಭಾರತ ಸರ್ಕಾರ ಮೊದಲಿಗೆ ಆರಿಸಿಕೊಂಡ ಐದು ಜಿಲ್ಲೆಗಳಲ್ಲಿ ಬಿಹಾರದ ಅರವಲ್, ಜಾರ್ಖಂಡದ ಸಿಮ್ಡೇಗಾ, ನಾಗಪುರ, ವಾರಾಣಸಿಗಳೊಂದಿಗೆ ಯಾದಗಿರಿಯೂ ಇತ್ತು. ಹಿಂದುಳಿದ ಜಿಲ್ಲೆಯೆಂದು ನಾವು ಮರುಕದಿಂದ ಹೆಸರಿಸುವ ಊರಿನ ಜನ ದೇಶಕ್ಕೆ ಕೊಟ್ಟ ಈ ಕೊಡುಗೆ ನಮ್ಮ ಸಭೆ ಸಮಾರಂಭಗಳಲ್ಲಿ ಒಮ್ಮೆಯೂ ಪ್ರಸ್ತಾಪವಾದ ನೆನಪು ನಮಗಿಲ್ಲ.

ಇನ್ನು ಔಷಧಗಳ ತಯಾರಿಕೆಯ ಮಾತು ಬಂದರೆ ನಾವಿರುವುದೇ ಅದರ ತವರಿನಲ್ಲಿ. ವಡೋದರಾದಲ್ಲಿ 1907ರಲ್ಲಿ ಹುಟ್ಟಿದ ಅಲೆಂಬಿಕ್ ದೇಶದ ಅತಿ ಹಳೆಯ ಔಷಧ ಕಂಪನಿಗಳಲ್ಲಿ ಒಂದು. ಅದೇ ಊರಿನಲ್ಲಿ 1940ರ ದಶಕದಲ್ಲಿ ಸಾರಾಭಾಯಿ ಮನೆತನದ ಔಷಧ ಕಾರ್ಖಾನೆ ಬಂದಿತು. ಅಹಮದಾಬಾದಿನಲ್ಲಿ ಎಲ್.ಎಂ. ಔಷಧ ವಿಜ್ಞಾನ ಕಾಲೇಜು 1947ರಲ್ಲಿ ಆರಂಭವಾಯಿತು. ಅಲ್ಲಿ ಅಧ್ಯಾಪಕರಾಗಿದ್ದ ರಮಣಭಾಯಿ ಪಟೇಲರು ಇಂದ್ರವದನ ಮೋದಿಯವರ ಜೊತೆಗೂಡಿ 1952ರಲ್ಲಿ ಕ್ಯಾಡಿಲಾ ಸ್ಥಾಪಿಸಿದರು. 1995ರಲ್ಲಿ ಅದು ಇಬ್ಭಾಗವಾಗಿ, ಒಂದು ಶಾಖೆ ಇಂದು ಜೈಡಸ್ ಎಂದು ಹೆಸರಾಗಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಈ ಕಂಪನಿಗಳಲ್ಲಿ, ಅಂಕಲೇಶ್ವರ ವಾಪಿಗಳ ರಸಾಯನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಕನ್ನಡನಾಡಿಗೂ ಇಲ್ಲಿಗೂ ಇನ್ನೊಂದು ನಂಟು ಕೂಡ ಇದೆ. ಆಸ್ಟ್ರಾಜೆನೆಕಾ ಕಂಪನಿಯ ಬೆಂಗಳೂರಿನ ಸಂಶೋಧನಾ ಕೇಂದ್ರದಲ್ಲಿ ಮಲೇರಿಯಾಕ್ಕೆಂದು ರೂಪುಗೊಂಡ ಹೊಸ ರಾಸಾಯನಿಕವೊಂದು, ಆ ಕೇಂದ್ರ ಮುಚ್ಚಿದ ಮೇಲೆ ಜೈಡಸ್‌ನ ಕೈಗೆ ಬಂದು ಮಾನವ ಪರೀಕ್ಷೆಯ ಹಂತಗಳನ್ನು ಏರತೊಡಗಿತು. ಅದು ಮಾತ್ರೆಯಾಗಿ ಅಂಗಡಿಗೆ ಬರಲು ಇನ್ನೂ ದಾರಿಯಿದೆ.

ಇಷ್ಟೆಲ್ಲ ಇದ್ದೂ ನಾವು ಪರೋಪಜೀವಿಗಳ ಔಷಧವನ್ನು ಯಾವಾಗ ಮುಗಿಬಿದ್ದು ಕೊಂಡೆವು? ಈ ಪ್ರಶ್ನೆಗೆ ಉತ್ತರ ನಮಗೆ ನಾಚಿಕೆ ತರುವಂಥದು. 2020ರ ಮಾರ್ಚ್‌ನಲ್ಲಿ, ಮಲೇರಿಯಾದ ಔಷಧಕುಲಕ್ಕೆ ಸೇರಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್ ತಡೆಯಬಹುದೆಂಬ ಮಾತು ಹಬ್ಬಿತು. ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ಆರೋಗ್ಯ ಸಿಬ್ಬಂದಿಗೂ ಸೋಂಕಿತರ ಮನೆಯವರಿಗೂ ಮುಂಜಾಗ್ರತೆಯಾಗಿ ಸೂಚಿಸಿತು. ಏಪ್ರಿಲ್‌ನಲ್ಲಿ ರಫ್ತು ನಿಷೇಧ, ಅಮೆರಿಕದ ಅಧ್ಯಕ್ಷರ ಬೇಡಿಕೆ, ನಿಷೇಧ ಸಡಿಲಿಕೆ ಎಲ್ಲವೂ ಒಂದು ವಾರದೊಳಗೆ ನಡೆದುಹೋದವು. ಗುಜರಾತಿನ ಕಾರ್ಖಾನೆಗಳ ಮಾತ್ರೆ ಜಗತ್ತಿನ ಸುದ್ದಿಯಾಯಿತು. ವಡೋದರಾದಲ್ಲಿ ಆಡಳಿತವೇ ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ಹಂಚಿತು. ಅದೇ ವರ್ಷ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆ, ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ತಿಳಿಸಿತು. ಮರುವರ್ಷದ ಎರಡನೆಯ ಅಲೆಯಲ್ಲಿ ಸರದಿ ಐವರ್ಮೆಕ್ಟಿನ್‌ನದು. 2021ರ ಮೇ ತಿಂಗಳಲ್ಲಿ ಗೋವಾ ಸರ್ಕಾರ ವಯಸ್ಕರೆಲ್ಲರಿಗೂ ಅದನ್ನು ಕೊಡುವುದಾಗಿ ಸಾರಿತು. ಪ್ರಯೋಗಗಳ ಹೊರಗೆ ಕೋವಿಡ್‌ಗೆ ಅದನ್ನು ಬಳಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್‌ನಲ್ಲಿಯೇ ಹೇಳಿತ್ತು. ಸೆಪ್ಟೆಂಬರ್ ಹೊತ್ತಿಗೆ ನಮ್ಮ ದೇಶದ ಮಾರ್ಗಸೂಚಿಯಿಂದಲೂ ಆ ಎರಡೂ ಹೆಸರುಗಳು ಮಾಯವಾದವು.

ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆದುದನ್ನು ನಾವು ಮರೆತಿಲ್ಲ. ಯಾರೋ ಕಳಿಸಿದ ಔಷಧ ಚೀಟಿಯ ಛಾಯಾಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ವೈದ್ಯರನ್ನು ಕೇಳದೆ, ತೂಕ ನೋಡದೆ, ಹುಳುವಿನ ಮಾತ್ರೆಯನ್ನು ಡಬ್ಬಿಗಟ್ಟಲೆ ತಂದು ಅಜ್ಜಿಯಿಂದ ಮೊಮ್ಮಗುವಿನವರೆಗೆ ನುಂಗಿದೆವು. ಭಯ ಆಗ ದೊಡ್ಡದಿತ್ತು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದೇ ಮಾತ್ರೆಯನ್ನು, ಅದು ನಿಜವಾಗಿ ಕೊಲ್ಲಬಲ್ಲ ಹುಳುವಿಗಾಗಿ, ಸರಿಯಾದ ಪ್ರಮಾಣದಲ್ಲಿ, ಪುಕ್ಕಟೆಯಾಗಿ, ಮನೆ ಬಾಗಿಲಿಗೆ ತಂದು ಕೊಟ್ಟರೆ ನಾವು ಅನುಮಾನಪಡುತ್ತೇವೆ. ಪುಕ್ಕಟೆಯೆಂಬುದೇ ಅನುಮಾನಕ್ಕೆ ಕಾರಣವೇನೋ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ಔಷಧ, ಸರ್ಕಾರ ಕೊಟ್ಟದ್ದು ಬಡವರ ಪಾಲಿನದು ಎಂಬ ಎಣಿಕೆ ಮಧ್ಯಮ ವರ್ಗದ ನಮ್ಮ ಮನಸ್ಸಿನಲ್ಲಿ ಆಳವಾಗಿ ಕುಳಿತಿದೆ.

ಅನುಮಾನಗಳೆಲ್ಲವೂ ಆಧಾರವಿಲ್ಲದವೆಂದು ನಾವು ಹೇಳುತ್ತಿಲ್ಲ. ಮಾತ್ರೆ ನುಂಗಿದ ಕೆಲವರಿಗೆ ತಲೆನೋವು, ಸಣ್ಣ ಜ್ವರ, ತಲೆಸುತ್ತು, ವಾಂತಿ ಬರುವುದುಂಟು. ಬಹುಪಾಲು ಇದು ರಕ್ತದಲ್ಲಿನ ಮರಿಗಳು ಸಾಯುವಾಗ ದೇಹ ತೋರುವ ಪ್ರತಿಕ್ರಿಯೆ. ಹುಳು ಹೆಚ್ಚಿದ್ದವರಿಗೇ ತೊಂದರೆಯೂ ಹೆಚ್ಚು, ಒಂದೆರಡು ದಿನಗಳಲ್ಲಿ ಅದು ಶಮನವಾಗುತ್ತದೆ. ಹೀಗಾಗಿ ನೆರೆಮನೆಯವರಿಗೆ ಮಾತ್ರೆ ‘ಆಗಲಿಲ್ಲ’ ಎಂಬ ಸುದ್ದಿ ಅವರಿಗೆ ಅದು ಬೇಕಾಗಿತ್ತು ಎಂಬುದರ ಸೂಚನೆಯೂ ಆಗಿರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀವ್ರ ಅಸ್ವಸ್ಥರಿಗೆ ಈ ಔಷಧ ಕೊಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಐವರ್ಮೆಕ್ಟಿನ್ ಕೊಡುವುದಿಲ್ಲ. ಬರಿ ಹೊಟ್ಟೆಯಲ್ಲಿ ನುಂಗಬಾರದು. ಹದಿನೈದು ದಾಟಿದವರಿಗೆ ನೂರು ಮಿಲಿಗ್ರಾಮಿನ ಮೂರು ಡಿ.ಇ.ಸಿ. ಮಾತ್ರೆ, ಜೊತೆಗೆ ಜಗಿದು ತಿನ್ನಬೇಕಾದ ನಾನೂರು ಮಿಲಿಗ್ರಾಮಿನ ಒಂದು ಆಲ್ಬೆಂಡಜೋಲ್. ತ್ರಿವಳಿ ಔಷಧ ನಡೆಯುವ ಕಡೆ ಐವರ್ಮೆಕ್ಟಿನ್ ಪ್ರಮಾಣವನ್ನು ಎತ್ತರ ಅಳೆದು ನಿರ್ಧರಿಸುತ್ತಾರೆ. ಇಷ್ಟೇ ವಿಷಯ. ಇದನ್ನು ತಿಳಿಹೇಳಲು ಕಾರ್ಯಕರ್ತೆಗೆ ಐದು ನಿಮಿಷ ಬೇಕು, ಕೇಳಲು ನಮಗೂ ಐದು ನಿಮಿಷ ಬೇಕು. ಆ ಐದು ನಿಮಿಷ ಎರಡೂ ಕಡೆ ಇಲ್ಲ. ದಿನಕ್ಕೆ ಇಷ್ಟು ಮನೆಯೆಂಬ ಗುರಿ ಹೊತ್ತ ಆಕೆ ಅವಸರದಲ್ಲಿರುತ್ತಾರೆ. ನಮ್ಮ ಕಟ್ಟಡದ ಕಾವಲುಗಾರ ಅವರನ್ನು ಕೆಳಗೇ ತಡೆದು, ಮಾರಾಟಕ್ಕೆ ಬಂದವರಂತೆ ಹೆಸರು ಬರೆಸಿಕೊಳ್ಳುತ್ತಾನೆ. ಕೊಳೆಗೇರಿಯಲ್ಲಿ ಅವರಿಗೆ ಕೂರಲು ಜಾಗವೂ ಕುಡಿಯಲು ನೀರೂ ದೊರೆಯುತ್ತದೆ. ದೊಡ್ಡ ಗೇಟಿನ ಹಿಂದೆ ವಾಸಿಸುವ ಕುಟುಂಬಗಳಲ್ಲಿಯೇ ಔಷಧ ನುಂಗಿಸುವುದು ಕಷ್ಟವೆಂದು ಇಂತಹ ಕಾರ್ಯಕ್ರಮಗಳಲ್ಲಿ ದುಡಿದವರು ಹೇಳುವುದರಲ್ಲಿ ಆಶ್ಚರ್ಯವೇನಿದೆ?

ಲೆಕ್ಕಾಚಾರದ ಒಳಗುಟ್ಟು ಹೀಗಿದೆ. ಒಟ್ಟು ಜನಸಂಖ್ಯೆಯಲ್ಲಿ ಕನಿಷ್ಠ ನೂರಕ್ಕೆ ಅರವತ್ತೈದು ಮಂದಿ ವರ್ಷಕ್ಕೊಮ್ಮೆಯಂತೆ ಐದಾರು ವರ್ಷ ನಿಜವಾಗಿ ನುಂಗಿದರೆ, ಬೆಳೆದ ಹುಳುಗಳ ಆಯುಸ್ಸು ಮುಗಿಯುವವರೆಗೂ ಸೊಳ್ಳೆಗೆ ಸಿಗುವ ಮರಿಗಳು ಇಲ್ಲವಾಗಿ ಸರಪಳಿ ತುಂಡಾಗುತ್ತದೆ. ಶ್ರೀಲಂಕಾ 2002ರಿಂದ 2006ರವರೆಗೆ ಐದು ಸುತ್ತು ಕೊಟ್ಟು, 2016ರಲ್ಲಿ ರೋಗಮುಕ್ತವೆಂದು ಮಾನ್ಯತೆ ಪಡೆಯಿತು. ಬಾಂಗ್ಲಾದೇಶ 2023ರಲ್ಲಿ ಗೆದ್ದಿತು, ಬ್ರೆಜಿಲ್ 2024ರಲ್ಲಿ. ಭಾರತದಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1955ರಲ್ಲಿ. ವರ್ಷಕ್ಕೊಮ್ಮೆ ಎಲ್ಲರಿಗೂ ಮಾತ್ರೆಯೆಂಬ ಕಾರ್ಯಕ್ರಮ ವ್ಯಾಪಕವಾದದ್ದು 2004ರಲ್ಲಿ. 2002ರ ಆರೋಗ್ಯ ನೀತಿ ನಿಗದಿಪಡಿಸಿದ ಗಡುವು 2015. ಅದು 2017ಕ್ಕೆ, ಬಳಿಕ 2020ರ ಆಚೆಗೆ ಜಾರಿತು. ಗುಜರಾತಿನವರೇ ಆದ ಮನ್‌ಸುಖ್ ಮಾಂಡವಿಯಾ ಕೇಂದ್ರ ಆರೋಗ್ಯ ಸಚಿವರಾಗಿದ್ದಾಗ, 2023ರಲ್ಲಿ, ಜಗತ್ತಿನ ಗುರಿಯಾದ 2030ಕ್ಕಿಂತ ಮೂರು ವರ್ಷ ಮೊದಲೇ, ಅಂದರೆ 2027ಕ್ಕೆ ಮುಗಿಸುವೆವೆಂದು ಘೋಷಿಸಿದರು. ಇಪ್ಪತ್ತು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 340ಕ್ಕೂ ಮಿಕ್ಕಿದ ಜಿಲ್ಲೆಗಳು ಈ ರೋಗದ ನೆಲೆಗಳು. ಅವುಗಳಲ್ಲಿ ಅನೇಕವು ಸಮೀಕ್ಷೆಗಳನ್ನು ದಾಟಿ ಮಾತ್ರೆ ಹಂಚಿಕೆ ನಿಲ್ಲಿಸಿದ್ದೂ ಆಗಿದೆ, ಇದು ಸಣ್ಣ ಸಾಧನೆಯಲ್ಲ. ಆದರೆ ಪುಸ್ತಕದಲ್ಲಿ ನೂರಕ್ಕೆ ಎಂಬತ್ತು, ಹೊಟ್ಟೆಯಲ್ಲಿ ನೂರಕ್ಕೆ ಐವತ್ತು ಎಂಬಂತಹ ಲೆಕ್ಕದಿಂದ ಗಡುವು ಮುಟ್ಟಲಾಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ನಮ್ಮ ಮೇಜಿನ ಖಾನೆಯಂತಹ ಖಾನೆಗಳು ದೇಶದಲ್ಲಿ ಎಷ್ಟಿವೆಯೋ ಅಷ್ಟು ವರ್ಷ ಗಡುವು ಜಾರುತ್ತಲೇ ಹೋದೀತು.

ಈ ಸಂದರ್ಭದಲ್ಲಿ ನಾರುಹುಣ್ಣಿನ ನೆನಪು ತಾನಾಗಿ ಬರುತ್ತದೆ. ವಿಜಯಪುರ, ರಾಯಚೂರು ಕಡೆಯ ನಮ್ಮ ಹಿರಿಯರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾಲಿನ ಹುಣ್ಣಿನಿಂದ ಮೊಳಗಟ್ಟಲೆ ಉದ್ದದ ಬಿಳಿಯ ನಾರಿನಂತಹ ಹುಳು ಹೊರಬರುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಎಳೆಯುವುದು, ತುಂಡಾದರೆ ನರಳುವುದು. ಮೆಟ್ಟಿಲ ಬಾವಿಗೆ ರೋಗಿ ಕಾಲಿಟ್ಟರೆ ಹುಳು ನೀರಿಗೆ ಮರಿ ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ ನೀರ ಕೀಟ ಅವನ್ನು ನುಂಗುತ್ತಿತ್ತು. ಅದೇ ನೀರು ಕುಡಿದವರಿಗೆ ವರ್ಷದ ಬಳಿಕ ಹುಣ್ಣು. ಕರ್ನಾಟಕ, ಗುಜರಾತ್ ಎರಡೂ ಈ ರೋಗವಿದ್ದ ಏಳು ರಾಜ್ಯಗಳ ಪಟ್ಟಿಯಲ್ಲಿದ್ದವು. 1984ರಲ್ಲಿ ದೇಶದಲ್ಲಿ ಸುಮಾರು ನಲವತ್ತು ಸಾವಿರ ರೋಗಿಗಳಿದ್ದರು. ಅದಕ್ಕೆ ಮದ್ದು ಇರಲಿಲ್ಲ, ಲಸಿಕೆ ಇರಲಿಲ್ಲ, ಇಂದಿಗೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು, ಬಾವಿಗೆ ಕೀಟನಾಶಕ ಹಾಕಿದರು, ಮೆಟ್ಟಿಲ ಬಾವಿಗಳ ಬದಲು ಕೊಳವೆ ಬಾವಿ ಕೊರೆದರು, ಒಬ್ಬೊಬ್ಬ ರೋಗಿಯನ್ನೂ ಹುಡುಕಿ ನೀರಿಗಿಳಿಯದಂತೆ ನೋಡಿಕೊಂಡರು. 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಕಂಡರು. 2000ದ ಫೆಬ್ರುವರಿಯಲ್ಲಿ ಭಾರತಕ್ಕೆ ಮುಕ್ತಿಪತ್ರ ಬಂದಿತು. ಮದ್ದಿಲ್ಲದ ಹುಳು ಹೋಯಿತು. ಮೂರು ಉತ್ತಮ ಮದ್ದುಗಳಿರುವ ಹುಳು ಉಳಿದಿದೆ.

ಸೂರತ್ ಕೂಡ ಇಂತಹ ಪಾಠವೊಂದನ್ನು ಕಂಡ ಊರು. 1994ರ ಸೆಪ್ಟೆಂಬರ್‌ನ ಪ್ಲೇಗಿನ ಭಯದಲ್ಲಿ ಅಂಗಡಿಗಳ ಟೆಟ್ರಾಸೈಕ್ಲಿನ್ ಒಂದೆರಡು ದಿನಗಳಲ್ಲಿ ಖಾಲಿಯಾಯಿತು, ಲಕ್ಷಾಂತರ ಜನ ಊರು ಬಿಟ್ಟರು. ಊರಿನ ಮುಖ ಬದಲಾದದ್ದು ಮಾತ್ರ ಮರುವರ್ಷ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಕಸ ಮತ್ತು ಚರಂಡಿಗಳ ಕಡೆ ತಿರುಗಿದ ಮೇಲೆ. ಆ ಅಚ್ಚುಕಟ್ಟು ಊರಿನಲ್ಲಿ ಇಂದಿಗೂ ಒಂದಿಷ್ಟು ಉಳಿದಿದೆ. ಆದರೂ ತಾಪಿ ನದಿಯ ದಡದ ತಗ್ಗು ಪ್ರದೇಶದಲ್ಲಿ ಹಿಗ್ಗುತ್ತಲೇ ಇರುವ ಊರಿಗೆ ಕ್ಯೂಲೆಕ್ಸ್ ಸೊಳ್ಳೆಯ ಸಹವಾಸ ತಪ್ಪಿಲ್ಲ.

ಅಹಮದಾಬಾದ್, ವಡೋದರಾಗಳ ಓದುಗರು ಇದನ್ನು ಸೂರತ್ತಿನವರ ಪಾಡೆಂದು ಬದಿಗಿಡಬಾರದು. ಅಲ್ಲಿಯ ಮುಖ್ಯ ಚಿಂತೆ ಮಲೇರಿಯಾ. ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ. ಯಕೃತ್ತಿನಲ್ಲಿ ನಿದ್ರಿಸುವ ಪರೋಪಜೀವಿಯನ್ನು ಕೊಲ್ಲಲು ಹದಿನಾಲ್ಕು ದಿನ ಪ್ರೈಮಾಕ್ವಿನ್ ಬೇಕು. ನಾಲ್ಕನೆಯ ದಿನ ಜ್ವರವಿಲ್ಲವೆಂದು ಉಳಿದ ಮಾತ್ರೆಗಳು ಮತ್ತೆ ಅದೇ ಖಾನೆ ಸೇರುತ್ತವೆ, ಮೂರು ತಿಂಗಳಿಗೆ ಜ್ವರ ಹಿಂದಿರುಗುತ್ತದೆ. ಮಂಗಳೂರಿನ ನಮ್ಮ ಬಂಧುಗಳು 1990ರ ದಶಕದಿಂದ ಕಂಡುಂಡ ಸತ್ಯವಿದು. ಜಿ-ಸಿಕ್ಸ್-ಪಿ.ಡಿ. ಎಂಬ ಕಿಣ್ವದ ಕೊರತೆಯಿರುವವರಿಗೆ ಪ್ರೈಮಾಕ್ವಿನ್ ಅಪಾಯಕಾರಿ, ಆದ್ದರಿಂದ ವೈದ್ಯರ ಸಲಹೆ ಬೇಕೇ ಬೇಕು.

ಇನ್ನು ಮಕ್ಕಳ ಜಂತುಹುಳು. ನಮ್ಮ ಅಜ್ಜಿಯಂದಿರು ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುತ್ತಿದ್ದರು, ವಾಯುವಿಳಂಗ, ಮುತ್ತುಗದ ಬೀಜಗಳ ಕಷಾಯ ಮಾಡುತ್ತಿದ್ದರು. ಆ ಕಹಿಯ ನೆನಪು ನಮ್ಮ ನಾಲಿಗೆಯಲ್ಲಿ ಇನ್ನೂ ಇದೆ. ಅವರಿಗೆ ಒಂದು ವಿಷಯ ತಿಳಿದಿತ್ತು: ಮಗುವಿಗೆ ಹೊಟ್ಟೆನೋವು ಬರುವವರೆಗೆ ಕಾಯಬಾರದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅದೇ ತಿಳಿವಳಿಕೆಯನ್ನು ಒಂದು ಆಲ್ಬೆಂಡಜೋಲ್ ಮಾತ್ರೆಗೆ ಇಳಿಸಿದೆ. ಒಂದರಿಂದ ಹತ್ತೊಂಬತ್ತು ವರ್ಷದವರೆಗೆ, ಎರಡರ ಕೆಳಗಿನವರಿಗೆ ಅರ್ಧ ಮಾತ್ರೆ. ಖಾಸಗಿ ಶಾಲೆಗಳ ಪೋಷಕರು ‘ನಮ್ಮ ಮಗುವಿಗೆ ಬೇಡ’ ಎಂದು ಚೀಟಿ ಕಳಿಸುವುದನ್ನು ನಾವು ಬಲ್ಲೆವು. ಸಸ್ಯಾಹಾರಿಗಳಾದ ನಮಗೆ ಲಾಡಿಹುಳುವಿನ ಭಯವಿಲ್ಲವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಹಂದಿಯ ಲಾಡಿಹುಳುವಿನ ಮೊಟ್ಟೆ ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ, ಬಡಿಸುವವರ ಕೈಯ ಮೂಲಕ ಹೊ‌ಟ್ಟೆ ಸೇರಿ, ಮರಿ ಮಿದುಳಿಗೆ ಹೋಗಿ ನೆಲೆಸಿದರೆ ಅಪಸ್ಮಾರ ಬರುತ್ತದೆ. ಮಾಂಸ ಮುಟ್ಟದ ಮನೆಗಳಲ್ಲಿಯೂ ಇದನ್ನು ನರರೋಗ ತಜ್ಞರು ಕಾಣುತ್ತಾರೆ. ಅದಕ್ಕೂ ಆಲ್ಬೆಂಡಜೋಲ್ ಇದೆ, ಆದರೆ ಅಲ್ಲಿ ಅದು ವೈದ್ಯರ ಕಣ್ಗಾವಲಿನಲ್ಲಿಯೇ ನಡೆಯಬೇಕಾದ ಚಿಕಿತ್ಸೆ.

ನಮ್ಮ ಮೇಜಿನ ಖಾನೆಗೆ ಮರಳೋಣ. ದೀಪಾವಳಿಯ ಮುಂಚೆ ಮನೆ ಸ್ವಚ್ಛ ಮಾಡುವಾಗ ಆ ಮಾತ್ರೆಗಳು ಹಳೆಯ ವಿದ್ಯುತ್ ರಸೀದಿಗಳ ಕೆಳಗೆ ದೊರೆತವು. ಅವಧಿ ಮುಗಿದಿತ್ತು. ಅವನ್ನು ಕಸಕ್ಕೆ ಹಾಕುವಾಗ, ಅದೇ ವರ್ಷ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಜಗಿದು ಬಂದಿದ್ದ ಮನೆಯ ಕಿರಿಯವಳು ಇವು ಯಾವ ಮಾತ್ರೆಗಳು, ಯಾಕೆ ಉಳಿದವು ಎಂದು ಕೇಳಿದಳು. ಹೇಳಿದೆವು. ಮುಂದಿನ ಸುತ್ತಿಗೆ ಕಾರ್ಯಕರ್ತೆ ಬಂದಾಗ ರಾತ್ರಿ ಎಂಟು ಗಂಟೆ, ನಮ್ಮ ಊಟ ಆಗಷ್ಟೇ ಮುಗಿದಿತ್ತು. ಕಾವಲುಗಾರನಿಗೆ ಮೊದಲೇ ಹೇಳಿಟ್ಟಿದ್ದೆವು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಅವರ ಎದುರಿಗೇ ನುಂಗಿದೆವು. ಮನೆಯ ಹಿರಿಯರೊಬ್ಬರಿಗೆ ಆ ರಾತ್ರಿ ಸ್ವಲ್ಪ ಜ್ವರ ಬಂದು ಮರುದಿನ ಸಂಜೆಗೆ ಇಳಿಯಿತು.